ಕಚ್ಚಿದ ಮೇಲಿನ ಐವತ್ತು ದಿನ



ಯಾರ ನೆನಪಿಗಾಗಿ ಮಂಗಳೂರಿನಲ್ಲಿ ಈ ದತ್ತಿ ಉಪನ್ಯಾಸ ನಡೆಯುತ್ತಿದೆಯೋ ಆ ಮೇಷ್ಟ್ರು ಶಾಲೆ ಬಿಟ್ಟ ಮೇಲೆ ಬೀದಿನಾಯಿಗಳಿಗೆ ಗಂಜಿ ಹಾಕಿಯೇ ಮನೆಗೆ ಹೋಗುತ್ತಿದ್ದರಂತೆ. ವಿಷಯ ನೀವೇ ಆರಿಸಿಕೊಳ್ಳಿ ಎಂದು ಅವರ ಮಕ್ಕಳು ಹೇಳಿದಾಗ ನಾನು ತಡಮಾಡಲಿಲ್ಲ. ಹೃದಯಹುಳು ಎಂದೆ. ರೇಬೀಸ್ ಬಗ್ಗೆ, ಪಾರ್ವೊ ಬಗ್ಗೆ ಜನ ಕೇಳಿದ್ದಾರೆ. ಈ ಹುಳುವಿನ ಹೆಸರನ್ನು ಸಾಕುವವರಲ್ಲಿ ಹೆಚ್ಚಿನವರು ಕೇಳಿಲ್ಲ. ನನಗೂ ಇದನ್ನು ಕಲಿಸಿದ್ದು ಪಠ್ಯಪುಸ್ತಕ ಅಲ್ಲ, ಒಂದು ನಾಯಿ.

ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಸೇನೆಯಿಂದ ನಿವೃತ್ತರಾಗಿ ಊರಿಗೆ ಬಂದಿದ್ದ ಒಬ್ಬರು ಆರು ವರ್ಷದ ಲ್ಯಾಬ್ರಡಾರ್ ಒಂದನ್ನು ಕರೆತಂದರು. ಕೆಮ್ಮು. ಒಣ ಕೆಮ್ಮು, ಕೊನೆಗೆ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ಅವರ ಹೆಂಡತಿ ಇನ್ನೊಂದು ಮಾತು ಹೇಳಿದರು: 'ಪೇಪರಿನವನು ಬಂದರೆ ಗೇಟಿನ ತನಕ ಓಡುತ್ತಿತ್ತು ಡಾಕ್ಟ್ರೇ, ಈಗ ಅರ್ಧ ದಾರಿಗೇ ಕೂತುಬಿಡುತ್ತದೆ.' ಆ ಮಾತಿನಲ್ಲೇ ರೋಗದ ಹೆಸರು ಇತ್ತು. ನಾನು ಕೇಳಿಸಿಕೊಳ್ಳಲಿಲ್ಲ. ಆಂಟಿಬಯಾಟಿಕ್ ಕೊಟ್ಟೆ, ಕೆಮ್ಮಿನ ಸಿರಪ್ ಕೊಟ್ಟೆ, ಮೂರು ವಾರ ಹಾಗೇ ಕಳೆದೆ. ನಾಲ್ಕನೆಯ ವಾರ ನಾಯಿ ಬಂದಾಗ ಹೊಟ್ಟೆ ಉಬ್ಬಿತ್ತು, ವಸಡು ಬಿಳಿಚಿತ್ತು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಎರಡು ದಿನದಲ್ಲಿ ಸತ್ತುಹೋಯಿತು. ಮನೆಯವರು ಅನುಮತಿ ಕೊಟ್ಟರು, ತೆರೆದು ನೋಡಿದೆ. ಹೃದಯದ ಬಲಭಾಗದಲ್ಲಿ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗುವ ದೊಡ್ಡ ರಕ್ತನಾಳದಲ್ಲಿ, ಒತ್ತಿದ ಶಾವಿಗೆಯ ಹಾಗೆ ಬಿಳಿ ಹುಳುಗಳು ಒಂದಕ್ಕೊಂದು ಸುತ್ತಿಕೊಂಡು ಕೂತಿದ್ದವು. ಕೆಲವು ಇನ್ನೂ ಮಿಸುಕುತ್ತಿದ್ದವು. ಅಂಗೈ ಮೇಲೆ ಒಂದನ್ನು ಬಿಡಿಸಿ ಇಟ್ಟೆ, ನನ್ನ ಗೇಣಿಗಿಂತ ಉದ್ದವಿತ್ತು.

ಕೈ ತೊಳೆದು ಹೊರಗೆ ಬಂದು ಆಗ ಕೇಳಿದೆ: 'ಈ ನಾಯಿ ಮೊದಲು ಎಲ್ಲಿತ್ತು?' 'ತೇಜ್‌ಪುರದಲ್ಲಿ ಸಾರ್. ನಾಲ್ಕು ವರ್ಷ ಅಸ್ಸಾಮಿನಲ್ಲೇ ಇದ್ದೆವು.' ಮೊದಲ ದಿನ ಕೇಳಬೇಕಿದ್ದ ಪ್ರಶ್ನೆ ಅದು.

ಈ ಹುಳುವಿನ ಶಾಸ್ತ್ರೀಯ ಹೆಸರು ಡೈರೋಫೈಲೇರಿಯಾ ಇಮಿಟಿಸ್. ಅಮೆರಿಕದ ಜೋಸೆಫ್ ಲೈಡಿ 1856ರಲ್ಲಿ ಇದನ್ನು ವಿವರಿಸಿದರು. ಹೆಣ್ಣುಹುಳು ಇಪ್ಪತ್ತೈದರಿಂದ ಮೂವತ್ತು ಸೆಂಟಿಮೀಟರ್, ಗಂಡು ಅದರ ಅರ್ಧಕ್ಕಿಂತ ತುಸು ಹೆಚ್ಚು. ಹೆಸರಿನಲ್ಲಿ ಹೃದಯ ಇದ್ದರೂ ಇದರ ನಿಜವಾದ ಮನೆ ಶ್ವಾಸಕೋಶದ ರಕ್ತನಾಳಗಳು. ಹುಳುಗಳು ತುಂಬಾ ಆದಾಗ, ಜಾಗ ಸಾಲದಾದಾಗ, ಹೃದಯದ ಕೋಣೆಗೆ ಹಿಂದೆ ಸರಿಯುತ್ತವೆ. ನನ್ನ ಲ್ಯಾಬ್ರಡಾರ್‌ಗೆ ಕೊನೆಯಲ್ಲಿ ಆದದ್ದು ಅದು. ಅದಕ್ಕೂ ಮೊದಲು, ವರ್ಷಗಟ್ಟಲೆ, ಅವು ರಕ್ತನಾಳದ ಒಳಗೋಡೆಯನ್ನು ಉಜ್ಜಿ ಉಜ್ಜಿ ದಪ್ಪ ಮಾಡಿರುತ್ತವೆ, ಒರಟು ಮಾಡಿರುತ್ತವೆ. ಹೃದಯ ಮೊದಲಿಗಿಂತ ಬಲವಾಗಿ ತಳ್ಳಬೇಕಾಗುತ್ತದೆ. ನಾಯಿ ಗೇಟಿನ ಅರ್ಧದಾರಿಗೆ ಕೂರುವುದು ಆ ಕಾರಣಕ್ಕೆ.

ನಾಯಿಯಿಂದ ನಾಯಿಗೆ ನೇರವಾಗಿ ಇದು ಅಂಟುವುದಿಲ್ಲ. ನಡುವೆ ಸೊಳ್ಳೆ ಬೇಕೇ ಬೇಕು. ಇಟಲಿಯ ಗ್ರಾಸ್ಸಿ ಮತ್ತು ನೋಯೆ ಇದನ್ನು 1900ರಲ್ಲಿ ತೋರಿಸಿಕೊಟ್ಟರು. ರೋಗ ಇರುವ ನಾಯಿಯ ರಕ್ತದಲ್ಲಿ ಹೆಣ್ಣುಹುಳು ಹೆತ್ತ ಕಣ್ಣಿಗೆ ಕಾಣದ ಮರಿಗಳು ತೇಲುತ್ತಿರುತ್ತವೆ. ಸೊಳ್ಳೆ ರಕ್ತದ ಜೊತೆ ಅವನ್ನು ಹೀರುತ್ತದೆ. ಸೊಳ್ಳೆಯ ಮೈಯೊಳಗೆ ಅವು ಎರಡು ಸಲ ಪೊರೆ ಕಳಚಿ ಬೆಳೆದು ಸೊಂಡಿಲಿಗೆ ಬಂದು ಕಾಯುತ್ತವೆ. ಇದಕ್ಕೆ ಬಿಸಿಲು ಬೇಕು, ಅಂದರೆ ಬೆಚ್ಚನೆಯ ಹವೆ ಬೇಕು. ಇಪ್ಪತ್ತೇಳು ಡಿಗ್ರಿಯಲ್ಲಿ ಹತ್ತರಿಂದ ಹದಿನಾಲ್ಕು ದಿನ ಸಾಕು. ಹದಿನಾಲ್ಕು ಡಿಗ್ರಿಗಿಂತ ಕೆಳಗೆ ಹೋದರೆ ಬೆಳವಣಿಗೆ ನಿಂತೇ ಹೋಗುತ್ತದೆ. ತಣ್ಣನೆಯ ದೇಶಗಳಲ್ಲಿ ಚಳಿಗಾಲ ಒಂದು ಬೇಲಿ. ನಮ್ಮ ಕರಾವಳಿಯಲ್ಲಿ ಅಂಥ ಬೇಲಿ ವರ್ಷದ ಯಾವ ತಿಂಗಳಲ್ಲೂ ಇಲ್ಲ.

ಆ ಸೊಳ್ಳೆ ಇನ್ನೊಂದು ನಾಯಿಯನ್ನು ಕಚ್ಚುವಾಗ ಮರಿಗಳು ಸೊಂಡಿಲಿನಿಂದ ಒಂದು ಹನಿ ದ್ರವದ ಜೊತೆ ಚರ್ಮದ ಮೇಲೆ ಬೀಳುತ್ತವೆ, ಸೊಳ್ಳೆ ಕೊರೆದ ಅದೇ ತೂತಿನಲ್ಲಿ ತಾವೇ ತೆವಳಿ ಒಳಗೆ ಹೋಗುತ್ತವೆ. ಇಲ್ಲಿಂದ ಲೆಕ್ಕ ಶುರು. ನಾನು ಈ ಸಂಜೆ ಹೇಳಬೇಕೆಂದು ಬಂದಿರುವುದು ಈ ಲೆಕ್ಕವನ್ನೇ.

ಕಚ್ಚಿದ ಮೇಲಿನ ಸುಮಾರು ಐವತ್ತು ದಿನ ಮರಿಹುಳು ಚರ್ಮದಡಿಯ ಅಂಗಾಂಶದಲ್ಲಿ, ಸ್ನಾಯುಗಳಲ್ಲಿ ಅಲೆಯುತ್ತಾ ಇರುತ್ತದೆ. ಆ ಹೊತ್ತಿನಲ್ಲಿ ಅದು ಬಹಳ ದುರ್ಬಲ. ಅತಿ ಸಣ್ಣ ಪ್ರಮಾಣದ ಔಷಧಕ್ಕೂ ಸಾಯುತ್ತದೆ. ಐವತ್ತರಿಂದ ಎಪ್ಪತ್ತು ದಿನದೊಳಗೆ ಅದು ಕೊನೆಯ ಪೊರೆ ಕಳಚಿ ಎಳೆಹುಳುವಾಗುತ್ತದೆ, ರಕ್ತನಾಳ ಹೊಕ್ಕು ಶ್ವಾಸಕೋಶದ ಕಡೆ ಹೊರಡುತ್ತದೆ. ಅಷ್ಟಾದ ಮೇಲೆ ತಿಂಗಳ ಮಾತ್ರೆಯ ಕೈ ಅದಕ್ಕೆ ಸರಿಯಾಗಿ ಎಟಕುವುದಿಲ್ಲ. ಆರೇಳು ತಿಂಗಳಿಗೆ ಪ್ರಾಯಕ್ಕೆ ಬಂದು ಮರಿ ಹಾಕತೊಡಗುತ್ತದೆ, ಆಮೇಲೆ ಐದರಿಂದ ಏಳು ವರ್ಷ ಬದುಕುತ್ತದೆ. ನಾಯಿಯ ಆಯುಷ್ಯದ ಅರ್ಧ!

ಇಲ್ಲಿ ಒಂದು ತಪ್ಪು ತಿಳುವಳಿಕೆ ಬಿಡಿಸಬೇಕು. ತಿಂಗಳಿಗೊಮ್ಮೆ ಕೊಡುವ ಮಾತ್ರೆ ಮುಂದಿನ ತಿಂಗಳಿಗೆ ಕೊಡೆ ಹಿಡಿಯುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಅದು ಕೆಲಸ ಮಾಡುವುದು ಹಿಂದಕ್ಕೆ. ಇವತ್ತು ಕೊಟ್ಟ ಮಾತ್ರೆ ಕಳೆದ ಮೂವತ್ತು ದಿನದಲ್ಲಿ ಒಳಗೆ ಬಂದ ಮರಿಗಳನ್ನು ಕೊಲ್ಲುತ್ತದೆ. ನಾಳೆ ಕಚ್ಚುವ ಸೊಳ್ಳೆಯ ಮರಿಗಳಿಗೆ ಮುಂದಿನ ತಿಂಗಳ ಮಾತ್ರೆ. ಅಂದರೆ ಇದು ಅಂಗಳ ಗುಡಿಸಿದ ಹಾಗೆ. ಬಿದ್ದದ್ದನ್ನು ಗುಡಿಸುತ್ತೇವೆ, ಬೀಳದಂತೆ ತಡೆಯುವುದಿಲ್ಲ. ಅದಕ್ಕೇ ಮಳೆಗಾಲ ಮುಗಿಯಿತು, ಸೊಳ್ಳೆ ಕಡಿಮೆ ಆಯಿತು ಎಂದು ಮಾತ್ರೆ ನಿಲ್ಲಿಸುವವರು ಕೊನೆಯ ತಿಂಗಳ ಕಸವನ್ನು ಒಳಗೇ ಬಿಟ್ಟ ಹಾಗೆ. ಒಂದು ವಾರ ತಡವಾದರೆ ಆಕಾಶ ಬೀಳುವುದಿಲ್ಲ. ಎರಡು ಮೂರು ತಿಂಗಳು ಮರೆತರೆ ಕೆಲವು ಮರಿಗಳು ಬಾಗಿಲು ದಾಟಿರುತ್ತವೆ.

ದಾಟಿದವು ಪರೀಕ್ಷೆಯಲ್ಲಿ ಸಿಗುತ್ತವೆಯಲ್ಲ ಎಂದು ಕೇಳಬಹುದು. ಕೂಡಲೇ ಸಿಗುವುದಿಲ್ಲ. ಕ್ಲಿನಿಕ್ಕುಗಳಲ್ಲಿ ಮಾಡುವ ಆಂಟಿಜೆನ್ ಪರೀಕ್ಷೆ ಪ್ರಾಯದ ಹೆಣ್ಣುಹುಳು ಬಿಡುವ ಪದಾರ್ಥವನ್ನು ಹುಡುಕುತ್ತದೆ. ಹುಳು ಪ್ರಾಯಕ್ಕೆ ಬರುವ ಮೊದಲು, ಅಂದರೆ ಕಚ್ಚಿದ ಮೇಲಿನ ಸುಮಾರು ಆರು ತಿಂಗಳು, ಕಾಗದದ ಪಟ್ಟಿಯ ಮೇಲೆ ಗೆರೆ ಮೂಡುವುದಿಲ್ಲ. ಹೀಗೆ ನಡುವೆ ಒಂದು ಕತ್ತಲ ಕಾಲ ಇದೆ. ತಿಂಗಳ ಮಾತ್ರೆಗೆ ಹುಳು ದೊಡ್ಡದಾಯಿತು, ಪರೀಕ್ಷೆಗೆ ಇನ್ನೂ ಚಿಕ್ಕದು. ಆದ್ದರಿಂದಲೇ ಹೊರ ಊರಿನಿಂದ ಬಂದ ನಾಯಿಯನ್ನು ಬಂದ ದಿನ ಒಮ್ಮೆ, ಆರು ತಿಂಗಳಾದ ಮೇಲೆ ಇನ್ನೊಮ್ಮೆ ಪರೀಕ್ಷಿಸಬೇಕು. ಮೊದಲ ಸಲ ಇಲ್ಲ ಎಂದು ಬಂದರೆ ಸಮಾಧಾನಪಡಿ, ಆದರೆ ಎರಡನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟೇ ಸಮಾಧಾನಪಡಿ.

ಈಗ ಔಷಧದ ಕಥೆ. ಅದರಲ್ಲಿ ನಮ್ಮ ನೆರೆಯವರೊಬ್ಬರಿದ್ದಾರೆ. ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಅವರ ಮುಂದಾಳತ್ವದಲ್ಲಿ 1947ರಲ್ಲಿ ಡೈಈಥೈಲ್ ಕಾರ್ಬಮಜೀನ್ ಎಂಬ ಔಷಧ ಹೊರಬಂತು. ನಮ್ಮಲ್ಲಿ ಆನೆಕಾಲು ರೋಗಕ್ಕೆ ಮನೆಮನೆಗೆ ಬಂದು ನುಂಗಿಸುತ್ತಿದ್ದ ಡಿಇಸಿ ಮಾತ್ರೆ ಇದೇ. ಆನೆಕಾಲಿನ ಹುಳುವೂ ನಾಯಿಯ ಹೃದಯಹುಳುವೂ ದಾಯಾದಿಗಳು, ಎರಡನ್ನೂ ಹೊತ್ತು ತರುವುದು ಸೊಳ್ಳೆ. ಹಾಗಾಗಿ ಅಮೆರಿಕದಲ್ಲಿ ನಾಯಿಗಳ ಹೃದಯಹುಳು ತಡೆಯಲು ಬಳಸಿದ್ದೂ ಇದನ್ನೇ. ಆದರೆ ದಿನಾ ಕೊಡಬೇಕಿತ್ತು. ಒಂದೆರಡು ದಿನ ತಪ್ಪಿದರೆ ರಕ್ಷಣೆ ಇಲ್ಲ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದು: ರಕ್ತದಲ್ಲಿ ಆಗಲೇ ಮರಿಗಳಿರುವ ನಾಯಿಗೆ ಅದನ್ನು ಕೊಟ್ಟರೆ ನಾಯಿ ಕುಸಿದು ಸಾಯಬಹುದು. ಉಳಿದ ಆನೆಕಾಲು ಮಾತ್ರೆಯನ್ನು ನಾಯಿಗೆ ಹಾಕಲೇ ಎಂದು ನನ್ನನ್ನು ಕೇಳಿದವರಿದ್ದಾರೆ. ದಯವಿಟ್ಟು ಬೇಡ.

ದಿನದ ಲೆಕ್ಕವನ್ನು ತಿಂಗಳ ಲೆಕ್ಕ ಮಾಡಿದ್ದು ಒಂದು ಹಿಡಿ ಮಣ್ಣು. ಜಪಾನಿನ ಸತೋಷಿ ಒಮುರಾ 1970ರ ದಶಕದಲ್ಲಿ ಇತೋ ಊರಿನ ಕವಾನಾದ ಗಾಲ್ಫ್ ಮೈದಾನದ ಹತ್ತಿರದಿಂದ ತಂದ ಮಣ್ಣಿನಲ್ಲಿ ಒಂದು ಸೂಕ್ಷ್ಮಜೀವಿ ಸಿಕ್ಕಿತು. ಮರ್ಕ್ ಕಂಪನಿಯಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು ಅದರಿಂದ ಐವರ್ಮೆಕ್ಟಿನ್ ಬೆಳೆಸಿದರು. 1987ರಲ್ಲಿ ನಾಯಿಗಳ ತಿಂಗಳ ಮಾತ್ರೆಯಾಗಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆಫ್ರಿಕಾದಲ್ಲಿ ನದಿಕುರುಡು ರೋಗಕ್ಕೆ ಮನುಷ್ಯರಿಗೆ ಅದನ್ನು ಉಚಿತವಾಗಿ ಕೊಡುವುದಾಗಿ ಕಂಪನಿ ಘೋಷಿಸಿದ್ದೂ ಅದೇ ವರ್ಷ. 2015ರ ವೈದ್ಯಕೀಯ ನೊಬೆಲ್‌ನ ಅರ್ಧ ಪಾಲು ಈ ಇಬ್ಬರಿಗೆ ಬಂತು. ಮಣ್ಣಿನಿಂದ ಬಂದ ಈ ಔಷಧದ ಬಗ್ಗೆ ನನಗೆ ಕೃತಜ್ಞತೆ ಬಿಟ್ಟು ಬೇರೆ ಭಾವ ಇಲ್ಲ. ಹಾಗಾಗಿಯೇ ಅದರ ದುರುಪಯೋಗ ಕಂಡರೆ ಸಂಕಟವಾಗುತ್ತದೆ.

ಹೇಳುತ್ತೇನೆ. ಹೃದಯಹುಳು ತಡೆಯಲು ನಾಯಿಯ ಪ್ರತಿ ಕಿಲೋ ತೂಕಕ್ಕೆ ಬೇಕಾದದ್ದು 6 ಮೈಕ್ರೋಗ್ರಾಂ ಐವರ್ಮೆಕ್ಟಿನ್. ಇಪ್ಪತ್ತು ಕಿಲೋ ನಾಯಿಗೆ 120 ಮೈಕ್ರೋಗ್ರಾಂ. ದನಕ್ಕೆ ಚುಚ್ಚುವ ಸಾಮಾನ್ಯ ಐವರ್ಮೆಕ್ಟಿನ್ ಇಂಜೆಕ್ಷನ್ನಿನ ಒಂದು ಎಂಎಲ್‌ನಲ್ಲಿ 10,000 ಮೈಕ್ರೋಗ್ರಾಂ ಇರುತ್ತದೆ. ನಾಯಿಗೆ ಬೇಕಾದದ್ದು ಅದರ ನೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಸಿರಿಂಜಿನ ಸೂಜಿಯ ತುದಿಯಲ್ಲಿ ಉಳಿಯುವಷ್ಟು. ಅದನ್ನು ಮನೆಯಲ್ಲಿ ಯಾರೂ ಅಳೆಯಲಾರರು. ಆದರೂ ಹಟ್ಟಿಯಲ್ಲಿ ಬಾಟಲಿ ಇದೆ, ನಾಯಿಗೂ ಒಂದು ಚುಚ್ಚೋಣ ಎನ್ನುವವರು ಪ್ರತಿ ಊರಲ್ಲೂ ಸಿಗುತ್ತಾರೆ. ಕೋಲಿ ಮತ್ತು ಅದರ ಬಳಗದ ಹಲವು ನಾಯಿಗಳಲ್ಲಿ ಎಂಡಿಆರ್1 ಎಂಬ ಜೀನಿನ ದೋಷ ಇರುತ್ತದೆ. ಔಷಧ ಮಿದುಳಿಗೆ ಹೋಗದಂತೆ ತಡೆಯುವ ಕಾವಲು ಅವುಗಳಲ್ಲಿ ಇಲ್ಲ. ತಿಂಗಳ ಮಾತ್ರೆಯ ಪ್ರಮಾಣ ಅವಕ್ಕೂ ಸುರಕ್ಷಿತ. ದನದ ಪ್ರಮಾಣ ಬಿದ್ದರೆ ಕಣ್ಣು ಕಾಣದೆ, ಜೊಲ್ಲು ಸುರಿಸುತ್ತಾ, ನಡುಗುತ್ತಾ ಬೀಳುತ್ತವೆ, ಪ್ರಜ್ಞೆ ತಪ್ಪುತ್ತದೆ. ಮಿಶ್ರತಳಿಯ ನಾಯಿಯ ಅಜ್ಜಿ ಯಾರು ಎಂದು ನೋಡಿದ ಕೂಡಲೇ ಹೇಳಲು ನನ್ನಿಂದಲೂ ಆಗದು.

ಇನ್ನೊಂದು ಮಾತು ಕ್ಲಿನಿಕ್ಕಿನಲ್ಲಿ ದಿನಾ ಕೇಳುವುದು: 'ಮೂರು ತಿಂಗಳಿಗೊಮ್ಮೆ ಜಂತುಹುಳಿನ ಮಾತ್ರೆ ಕೊಡುತ್ತಿದ್ದೇವಲ್ಲ?' ಆ ಮಾತ್ರೆ ಕರುಳಿನ ಹುಳುಗಳಿಗೆ. ಹೃದಯಹುಳುವಿನ ಮರಿಯನ್ನು ಅದು ಮುಟ್ಟುವುದಿಲ್ಲ. ಉಣ್ಣೆ, ಚಿಗಟಕ್ಕೆಂದೇ ಕೊಡುವ ಮಾತ್ರೆಗಳೂ ಮುಟ್ಟುವುದಿಲ್ಲ. ಪೊಟ್ಟಣದ ಮೇಲೆ ಐವರ್ಮೆಕ್ಟಿನ್, ಮಿಲ್ಬೆಮೈಸಿನ್, ಮಾಕ್ಸಿಡೆಕ್ಟಿನ್, ಸೆಲಾಮೆಕ್ಟಿನ್ ಈ ನಾಲ್ಕರಲ್ಲಿ ಒಂದು ಹೆಸರು ಇದೆಯೇ ನೋಡಿ, ನಿಮ್ಮ ವೈದ್ಯರನ್ನು ಕೇಳಿ.

ನಮ್ಮ ನೆಲದ ಸ್ಥಿತಿ ಏನು? ಹೃದಯಹುಳು ನೆಲೆಯಾಗಿರುವುದು ಮುಖ್ಯವಾಗಿ ಈಶಾನ್ಯದಲ್ಲಿ, ಅಸ್ಸಾಂ, ಮಿಜೋರಂ ಕಡೆ. ನಮ್ಮ ಕರಾವಳಿಯಲ್ಲಿ, ಕೇರಳದಲ್ಲಿ ಹೆಚ್ಚಾಗಿ ಕಾಣುವುದು ಅದರ ತಮ್ಮ, ಡೈರೋಫೈಲೇರಿಯಾ ರೆಪೆನ್ಸ್. ಅದು ಹೃದಯಕ್ಕೆ ಹೋಗದೆ ಚರ್ಮದಡಿ ಉಳಿಯುತ್ತದೆ, ನಾಯಿಗೆ ತುರಿಕೆ, ಗಂಟು ತರುತ್ತದೆ, ಎಷ್ಟೋ ಸಲ ಏನೂ ತೋರಿಸುವುದಿಲ್ಲ. ಆದರೆ ಸೊಳ್ಳೆ ನಾಯಿಯನ್ನು ಬಿಟ್ಟು ಮನುಷ್ಯರನ್ನು ಕಚ್ಚಿದರೆ ಅದೇ ಹುಳು ನಮ್ಮ ಮೈಯೊಳಗೂ ಅಲೆಯುತ್ತದೆ. ಕಣ್ಣಿನ ಬಿಳಿಭಾಗದ ಪೊರೆಯಡಿ ದಾರದಂಥದ್ದೇನೋ ಹರಿದಾಡುತ್ತಿದೆ ಎಂದು ಬಂದ ರೋಗಿಗಳಿಂದ ಕರಾವಳಿಯ ಕಣ್ಣಿನ ವೈದ್ಯರು ಬದುಕಿದ ಹುಳುವನ್ನು ಹೊರತೆಗೆದಿದ್ದಾರೆ, ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದಿದ್ದಾರೆ. ಹೃದಯಹುಳು ಕೂಡ ಅಪರೂಪಕ್ಕೆ ಮನುಷ್ಯರ ಶ್ವಾಸಕೋಶದಲ್ಲಿ ಸತ್ತು ನಾಣ್ಯದಂಥ ಕಲೆ ಬಿಡುತ್ತದೆ, ಎಕ್ಸ್‌ರೇಯಲ್ಲಿ ಅದನ್ನು ಕ್ಯಾನ್ಸರ್ ಎಂದು ಶಂಕಿಸಿ ಶಸ್ತ್ರಚಿಕಿತ್ಸೆ ಮಾಡಿದ್ದಿದೆ. ನಾಯಿಯನ್ನು ಕಾಪಾಡುವ ಕೆಲಸ ನಾಯಿಯ ಹತ್ತಿರವೇ ನಿಲ್ಲುವುದಿಲ್ಲ.

ರೋಗ ಈಶಾನ್ಯದ್ದು, ನಮಗೇಕೆ ಎನ್ನುವ ಧೈರ್ಯ ನನಗೆ ಇಲ್ಲ. ನಾಯಿಗಳು ರೈಲು ಹತ್ತುತ್ತವೆ, ವಿಮಾನ ಹತ್ತುತ್ತವೆ. 2005ರ ಆಗಸ್ಟ್ 29ರಂದು ಅಮೆರಿಕದ ದಕ್ಷಿಣ ಕರಾವಳಿಗೆ ಕತ್ರಿನಾ ಚಂಡಮಾರುತ ಬಡಿದಾಗ ನೀರಿನಲ್ಲಿ ಸಿಕ್ಕಿಕೊಂಡ ಸಾವಿರಾರು ನಾಯಿಗಳನ್ನು ಪುಣ್ಯವಂತರು ಹಿಡಿದು ದೇಶದ ಮೂಲೆಮೂಲೆಗೆ ಕಳಿಸಿ ಮನೆ ಕೊಡಿಸಿದರು. ಆಮೇಲೆ ಪರೀಕ್ಷಿಸಿದಾಗ ಆ ಪ್ರದೇಶದ ನಾಯಿಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಹೃದಯಹುಳು ಇತ್ತು. ಕರುಣೆಯ ಕೆಲಸವೇ ರೋಗಕ್ಕೂ ದಾರಿಯಾಯಿತು. ರಕ್ಷಿಸಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಒಂದು ಹನಿ ರಕ್ತ ನೋಡಿ ಕಳಿಸಬೇಕಿತ್ತು ಎನ್ನುತ್ತಿದ್ದೇನೆ. ನಮ್ಮಲ್ಲೂ ಈಗ ಊರಿಂದೂರಿಗೆ ನಾಯಿ ದತ್ತು ಕೊಡುವ ಯುವಕರ ಗುಂಪುಗಳಿವೆ, ಅವರ ಮೇಲೆ ನನಗೆ ಅಪಾರ ಗೌರವ. ಲಸಿಕೆ ಚೀಟಿಯ ಜೊತೆ ರಕ್ತಪರೀಕ್ಷೆಯ ಚೀಟಿಯನ್ನೂ ಇಡಿ ಎಂದು ಅವರನ್ನು ಕೇಳಿಕೊಳ್ಳುತ್ತೇನೆ. ಹ್ಯೂಸ್ಟನ್, ಫ್ಲೋರಿಡಾ ಕಡೆಯಿಂದ ನಾಯಿಯ ಸಮೇತ ಊರಿಗೆ ಮರಳುವ ನಮ್ಮವರಿಗೂ ಇದೇ ಮಾತು. ಅಲ್ಲಿ ತಪ್ಪದೆ ಕೊಡುತ್ತಿದ್ದ ಮಾತ್ರೆಯನ್ನು ಬೆಂಗಳೂರಿಗೆ ಬಂದ ಕೂಡಲೇ ಬಿಟ್ಟುಬಿಡುತ್ತಾರೆ.

ಹಾಗಾದರೆ ಕರ್ನಾಟಕದ ಎಲ್ಲ ನಾಯಿಗೂ ತಿಂಗಳ ಮಾತ್ರೆ ಬೇಕೇ? ಕರಾವಳಿ, ಮಲೆನಾಡಿನ ಮನೆನಾಯಿಗೆ ಬೇಕು ಎಂಬುದು ನನ್ನ ಅಭಿಪ್ರಾಯ. ಎಂಟು ವಾರದ ಮರಿಯಿಂದಲೇ ಶುರು ಮಾಡಬಹುದು. ಬಯಲುಸೀಮೆಯಲ್ಲಿ ಪರೀಕ್ಷೆ ಮಾಡಿಸಿ, ನಾಯಿ ಎಲ್ಲೆಲ್ಲಿ ಓಡಾಡಿದೆ ನೋಡಿ ವೈದ್ಯರು ತೀರ್ಮಾನಿಸಲಿ.

ಬಂದ ಮೇಲೆ ವಾಸಿ ಮಾಡಬಹುದಲ್ಲ ಎಂದರೆ, ಮಾಡಬಹುದು, ಆದರೆ ಆ ದಾರಿ ಕಠಿಣ. ದೊಡ್ಡ ಹುಳುವನ್ನು ಕೊಲ್ಲುವ ಮೆಲಾರ್ಸೊಮೈನ್ ಆರ್ಸೆನಿಕ್ ಇರುವ ಔಷಧ, ಸೊಂಟದ ಆಳ ಸ್ನಾಯುವಿಗೆ ಚುಚ್ಚಬೇಕು. ಅದಕ್ಕೂ ಮೊದಲು ನಾಲ್ಕು ವಾರ ಡಾಕ್ಸಿಸೈಕ್ಲಿನ್, ಏಕೆಂದರೆ ಹುಳುವಿನ ಒಳಗೆ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ವಾಸವಾಗಿದೆ, ಅದನ್ನು ಕೊಂದರೆ ಹುಳು ಸೊರಗುತ್ತದೆ. ಚುಚ್ಚುಮದ್ದಿಗಿಂತ ಕಷ್ಟದ್ದು ಆಮೇಲಿನ ವಿಶ್ರಾಂತಿ. ಸತ್ತ ಹುಳು ತುಂಡುತುಂಡಾಗಿ ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ನಾಯಿ ಓಡಿದರೆ, ಹಾರಿದರೆ ಪ್ರಾಣಕ್ಕೇ ಕುತ್ತು. ತಿಂಗಳುಗಟ್ಟಲೆ, ಬಾಲ ಅಲ್ಲಾಡಿಸಿಕೊಂಡು ನಿಂತ ನಾಯಿಯನ್ನು ಸರಪಳಿಯಲ್ಲಿ ಸುಮ್ಮನೆ ಕೂರಿಸಬೇಕು. ಬೆಕ್ಕಿಗೆ ಆ ದಾರಿಯೂ ಇಲ್ಲ. ಬೆಕ್ಕಿನಲ್ಲಿ ಹುಳುಗಳು ಒಂದೋ ಎರಡೋ, ಆಂಟಿಜೆನ್ ಪರೀಕ್ಷೆಯಲ್ಲಿ ಹಲವು ಸಲ ಸಿಗುವುದೇ ಇಲ್ಲ, ಉಬ್ಬಸದ ಹಾಗೆ, ವಾಂತಿಯ ಹಾಗೆ ಕಾಣಿಸಿ ಕೆಲವೊಮ್ಮೆ ಒಮ್ಮೆಲೇ ಕೊಲ್ಲುತ್ತದೆ. ನಾಯಿಗೆ ಕೊಡುವ ಮೆಲಾರ್ಸೊಮೈನ್ ಅದಕ್ಕೆ ಆಗಿಬರುವುದಿಲ್ಲ. ರೋಗ ಇರುವ ಊರಲ್ಲಿ ಬೆಕ್ಕಿಗೆ ಮುಂಜಾಗ್ರತೆಯೊಂದೇ ಮದ್ದು.

ಸೊಳ್ಳೆಯ ಬಗ್ಗೆ ನಿಮಗೆ ಹೊಸದಾಗಿ ಏನು ಹೇಳಲಿ? ನೀರು ನಿಲ್ಲುವ ಜಾಗಗಳು ನಿಮಗೇ ಗೊತ್ತು: ಅಡಿಕೆ ತೋಟದಲ್ಲಿ ಬಿದ್ದ ಹಾಳೆ, ರಬ್ಬರ್ ಮರದ ಚಿಪ್ಪು, ಹಿತ್ತಲಿನ ಟೈರು, ಹೂಕುಂಡದ ತಟ್ಟೆ. ಒಂದು ಜಾಗ ಮಾತ್ರ ಎಲ್ಲರೂ ಮರೆಯುತ್ತಾರೆ: ನಾಯಿಗೆಂದೇ ಇಟ್ಟ ನೀರಿನ ಮರಿಗೆ. ಅದನ್ನು ದಿನಾ ಚೆಲ್ಲಿ ಉಜ್ಜಿ ತುಂಬಿಸಿ. ಸಂಜೆ ಹೊತ್ತು ನಾಯಿ ಜಗಲಿಯ ಒಳಗಿರಲಿ, ಗೂಡಿಗೆ ಬಲೆ ಇರಲಿ.

ತಿಂಗಳ ದಿನ ನೆನಪಿಡುವುದು ಹೇಗೆ ಎಂದು ನಾನು ಹತ್ತಾರು ಉಪಾಯ ಹೇಳಿ ಸೋತಿದ್ದೆ. ಫೋನಿನ ಅಲಾರಂ, ಗೋಡೆಯ ಚೀಟಿ. ಒಂದು ಮನೆಯ ಅಜ್ಜಿ ಒಂದೂ ತಪ್ಪಿಸಿರಲಿಲ್ಲ. ಹೇಗೆ ಎಂದು ಕೇಳಿದೆ. 'ಸಂಕಷ್ಟಿ ದಿನ ಕೊಡುತ್ತೇನೆ. ನಾನು ಚಂದ್ರ ನೋಡಿ ಊಟ ಮಾಡುವ ಮೊದಲು ಅದಕ್ಕೆ ಬೆಲ್ಲದ ಚೂರಿನಲ್ಲಿ ಗುಳಿಗೆ.' ಒಂದು ಸಂಕಷ್ಟಿಯಿಂದ ಇನ್ನೊಂದಕ್ಕೆ ಇಪ್ಪತ್ತೊಂಬತ್ತೋ ಮೂವತ್ತೋ ದಿನ. ಐವತ್ತರ ಗಡುವಿನ ಒಳಗೆ ಸಲೀಸಾಗಿ ಬರುತ್ತದೆ, ಅಧಿಕಮಾಸ ಬಂದರೂ ತಪ್ಪುವುದಿಲ್ಲ. ಈಗ ನಾನು ಚೀಟಿಯಲ್ಲಿ ಹಾಗೇ ಬರೆದುಕೊಡುತ್ತೇನೆ. ಇಗರ್ಜಿಗೆ ಹೋಗುವವರಿಗೆ ತಿಂಗಳ ಮೊದಲ ಶುಕ್ರವಾರ. ಮಸೀದಿಗೆ ಹೋಗುವವರಿಗೆ, ಅವರ ಬೆಕ್ಕಿಗೆ, ಹೊಸ ಚಂದ್ರ ಕಂಡ ದಿನ.

ಮಾತು ಇಷ್ಟೇ. ಹಿಂದಿನ ಬಾಗಿಲ ಹತ್ತಿರದ ಮೇಜಿನ ಮೇಲೆ ಸೂಕ್ಷ್ಮದರ್ಶಕ ಇಟ್ಟಿದ್ದೇನೆ. ಇವತ್ತು ಬೆಳಿಗ್ಗೆ ಇದೇ ಊರಿನ ಒಂದು ನಾಯಿಯಿಂದ ತೆಗೆದ ರಕ್ತ ಅದರಡಿ ಇದೆ. ರೆಪೆನ್ಸ್ ಇರುವ ನಾಯಿ, ಚಿಕಿತ್ಸೆ ಶುರುವಾಗಿದೆ, ಚೆನ್ನಾಗಿದೆ. ಮೊದಲು ನಿಮಗೆ ಕೆಂಪುಕಣಗಳು ಮಾತ್ರ ಕಾಣುತ್ತವೆ, ಚೆಲ್ಲಿದ ರಾಗಿಯ ಹಾಗೆ. ಕಣ್ಣು ತೆಗೆಯಬೇಡಿ, ಸ್ವಲ್ಪ ಕಾಯಿರಿ. ಒಂದು ಕಡೆ ಕಣಗಳು ತಾವಾಗಿಯೇ ಅದುರುತ್ತವೆ, ಪಕ್ಕಕ್ಕೆ ತಳ್ಳಿಸಿಕೊಳ್ಳುತ್ತವೆ. ಆ ಅದುರುವ ಜಾಗದಲ್ಲಿ ನೋಡಿ. ಮಕ್ಕಳು ಬಂದಿದ್ದರೆ ಮೊದಲು ಅವರನ್ನು ಬಿಡಿ, ಅವರಿಗೆ ಎಟಕಲಿ ಎಂದು ಒಂದು ಸ್ಟೂಲು ಹಾಕಿಸಿದ್ದೇನೆ.